ಮೂಗು ಕಟ್ಟಿದ್ರೆ ನೆಲ ಯಾಕೆ ವಾಲುತ್ತೆ

ಮುಖ ತೊಳ್ಕೊಳ್ಳೋಕೆ ಅಂತ ಕಣ್ಣು ಮುಚ್ಚಿದೆ, ಅಷ್ಟೇ. ಎರಡೂ ಬೊಗಸೆ ನೀರು ಎರಚ್ಕೊಂಡು ಕಣ್ಣು ಗಟ್ಟಿಯಾಗಿ ಮುಚ್ಚಿದ ಆ ಒಂದು ಗಳಿಗೇಲಿ ಕಾಲ ಕೆಳಗಿನ ನೆಲ ಎಡಕ್ಕೆ ವಾಲಿದ ಹಾಗಾಯ್ತು, ಬೇಸಿನ್ ಅಂಚು ಹಿಡ್ಕೊಳ್ಳೋಣ ಅನ್ನೋಷ್ಟರಲ್ಲಿ ನನ್ನ ಭುಜ ಗೋಡೆಗೆ ತಾಗಿತ್ತು. ಕಣ್ಣು ಬಿಟ್ಟೆ. ಎಲ್ಲ ನೆಟ್ಟಗೇ ಇತ್ತು. ನಲ್ಲಿ ಹರೀತಿತ್ತು, ಕನ್ನಡಿ ಅದರ ಜಾಗದಲ್ಲೇ ಇತ್ತು, ಗಲ್ಲದಿಂದ ನೀರು ತೊಟ್ಟಿಕ್ತಿತ್ತು. ಇನ್ನೊಂದು ಸಲ ನೋಡೋಣ ಅಂತ ಬೇಕು ಅಂತಾನೇ ಕಣ್ಣು ಮುಚ್ಚಿದೆ, ಮತ್ತೆ ಹಾಗೇ ಆಯ್ತು, ಮತ್ತೆ ಎಡಕ್ಕೇ. ಆಗ ನಿಜಕ್ಕೂ ಹೆದರಿಕೆ ಆಯ್ತು.

ಸೈನಸ್ ಇನ್ಫೆಕ್ಷನ್ ಶುರುವಾಗಿ ಅವತ್ತಿಗೆ ಒಂಬತ್ತನೇ ದಿನ. ಮೊದಲು ಮಾಮೂಲಿ ನೆಗಡಿ, ಆಮೇಲೆ ಕೆನ್ನೆ ಮೂಳೆಯ ಒಳಗಿಂದ ಯಾರೋ ಹೆಬ್ಬೆರಳಲ್ಲಿ ಒತ್ತಿದ ಹಾಗಿನ ನೋವು, ಬಗ್ಗಿದ್ರೆ ಹಣೆಯೊಳಗಿಂದ ಏನೋ ಮುಂದಕ್ಕೆ ಸರಿದ ಹಾಗೆ ಭಾರ, ಮೇಲಿನ ಸಾಲಿನ ದವಡೆ ಹಲ್ಲೆಲ್ಲ ನೋವು, ರಾತ್ರಿ ಮಲಗಿದ್ರೆ ಗಂಟಲ ಹಿಂದೆ ಕಫ ಇಳಿಯೋದು. ಇದೆಲ್ಲ ಸೈನಸ್ ಇರೋರಿಗೆ ಗೊತ್ತಿರೋದೇ. ಆದ್ರೆ ಈ ವಾಲೋದು ನನಗೆ ಹೊಸದು. ಅಕ್ಕನಿಗೆ ಫೋನ್ ಮಾಡಿ "ಅಕ್ಕ, ತಲೆ ಸುತ್ತುತ್ತೆ" ಅಂದೆ. "ಸರಿಯಾಗಿ ಊಟ ಮಾಡ್ತಿದ್ಯಾ ಇಲ್ವಾ, ಬಿಪಿ ನೋಡಿಸ್ಕೋ ಕಣೇ" ಅಂದ್ಲು. ಹತ್ತಿರದ ಡಾಕ್ಟರ್ ಹತ್ರ ಹೋಗಿ ಅದೇ ಮಾತು ಹೇಳಿದೆ, "ಡಾಕ್ಟ್ರೇ, ತಲೆ ಸುತ್ತುತ್ತೆ." ಅವರು ಬಿಪಿ ನೋಡಿದ್ರು, ಸರಿ ಇತ್ತು, ಸೈನಸ್‌ಗೆ ಹಾಗಾಗುತ್ತೆ ಅಂತ ಹೇಳಿ ನೆಗಡಿಗೊಂದು ತಲೆಸುತ್ತಿಗೊಂದು ಮಾತ್ರೆ ಬರೆದುಕೊಟ್ರು. ಎರಡೂ ತಗೊಂಡು ಮೂರು ದಿನ ಮಂಪರಿನಲ್ಲೇ ಓಡಾಡ್ದೆ. ವಾಲೋದು ಹಾಗೇ ಇತ್ತು, ಅದರ ಮೇಲೆ ತಲೆ ಧಿಮ್ ಅನ್ನೋದೂ ಸೇರ್ಕೊಳ್ತು.

ಈಗ ಯೋಚಿಸಿದ್ರೆ ನಾನು ಹೇಳಿದ ಆ ಒಂದು ಮಾತೇ ಸಾಲದಾಗಿತ್ತು ಅನ್ಸುತ್ತೆ. ನಮ್ಮ ಭಾಷೇಲಿ ಇದಕ್ಕೆ ಎಷ್ಟು ಮಾತಿದೆ ನೋಡಿ. ಕಣ್ಣು ಕತ್ತಲೆ ಬರೋದು ಬೇರೆ, ಬವಳಿ ಬರೋದು ಬೇರೆ, ತೂರಾಡೋದು ಬೇರೆ, ಜೋಲಿ ಹೊಡೆಯೋದು ಬೇರೆ, ತಲೆ ಗಿರ್ ಅನ್ನೋದು ಬೇರೆ, ತಲೆ ಧಿಮ್ ಅನ್ನೋದು ಬೇರೆ, ತೇಲಿದ ಹಾಗಾಗೋದು ಬೇರೆ. ಮನೇಲಿ ಮಾತಾಡ್ವಾಗ ಇವನ್ನೆಲ್ಲ ಸರಿಯಾದ ಜಾಗದಲ್ಲೇ ಬಳಸ್ತೀವಿ, ಒಂದನ್ನ ಇನ್ನೊಂದರ ಜಾಗದಲ್ಲಿ ಹಾಕಲ್ಲ. ಆದ್ರೆ ಡಾಕ್ಟರ್ ಮುಂದೆ ಕೂತ ಕೂಡ್ಲೇ ಅದೆಲ್ಲ ಎಲ್ಲಿ ಹೋಗುತ್ತೋ, ಬಾಯಿಗೆ ಬರೋದು ತಲೆಸುತ್ತು ಒಂದೇ. ಈ ಮಾತುಗಳ ವ್ಯತ್ಯಾಸದಲ್ಲೇ ಅರ್ಧ ರೋಗದ ಗುರುತು ಇರುತ್ತೆ ಅಂತ ನನಗೆ ಗೊತ್ತಾಗಿದ್ದು ಆಮೇಲೆ, ಇಎನ್‌ಟಿ ಡಾಕ್ಟರ್ ಒಬ್ಬರು ಕೇಳಿದ ಮೊದಲ ಪ್ರಶ್ನೆಯಿಂದ.

"ಸುತ್ತು ಅಂದ್ರೆ ಯಾವ ಥರ ಹೇಳಿ. ಕೋಣೆ ತಿರುಗುತ್ತಾ, ಕಣ್ಣು ಕತ್ತಲೆ ಬರುತ್ತಾ, ಇಲ್ಲಾ ನಿಂತಲ್ಲೇ ಜೋಲಿ ಹೊಡೆಯುತ್ತಾ?"

ಕೋಣೆ ತಿರುಗ್ತಿರಲಿಲ್ಲ. ಒಂದ್ ಸಲಾನೂ ತಿರುಗಿರಲಿಲ್ಲ. ಜೋಲಿ ಹೊಡೀತಿತ್ತು, ಅದೂ ಕಣ್ಣು ಮುಚ್ಚಿದಾಗ ಮತ್ತೆ ಕತ್ತಲಲ್ಲಿ ನಡೆಯುವಾಗ ಮಾತ್ರ. ಎಡಗಿವಿ ಮುಚ್ಚಿದ ಹಾಗಿದೆ, ನನ್ನ ಮಾತು ನನಗೇ ಡ್ರಮ್ಮಿನೊಳಗಿಂದ ಬಂದ ಹಾಗೆ ಕೇಳುತ್ತೆ ಅಂತಾನೂ ಹೇಳ್ದೆ. ಹಿಂದಿನ ಡಾಕ್ಟರ್‌ಗೆ ಕಿವಿ ವಿಷಯ ಹೇಳಿರಲೇ ಇಲ್ಲ, ಮೂಗಿನ ಕಾಯಿಲೆಗೆ ಕಿವಿ ಯಾಕೆ ಹೇಳ್ಬೇಕು ಅನ್ಸಿತ್ತು.

ಸೈನಸ್ ಅಂದ್ರೆ ಮುಖದ ಮೂಳೆಯೊಳಗಿರೋ ಗಾಳಿ ಗೂಡುಗಳು, ನಾಲ್ಕು ಜೋಡಿ: ಹಣೆಯಲ್ಲಿ, ಕೆನ್ನೆಯಲ್ಲಿ, ಎರಡು ಕಣ್ಣಿನ ನಡುವೆ, ಮತ್ತೆ ಇನ್ನೂ ಹಿಂದೆ ತಲೆಬುರುಡೆಯ ಹೆಚ್ಚುಕಮ್ಮಿ ಮಧ್ಯದಲ್ಲಿ. ಕೆನ್ನೆಯ ಗೂಡು ಎಲ್ಲಕ್ಕಿಂತ ದೊಡ್ಡದು, ದೊಡ್ಡೋರಲ್ಲಿ ಒಂದೊಂದರಲ್ಲೂ ಸುಮಾರು 15 ಮಿಲಿಲೀಟರ್ ಜಾಗ ಇರುತ್ತೆ. ಆದ್ರೆ ಅದರ ಬಾಗಿಲು ತಳದಲ್ಲಿಲ್ಲ, ಮೇಲಿದೆ. ಅಂದ್ರೆ ಒಳಗಿನ ಲೋಳೆ ತಾನಾಗೇ ಇಳಿದು ಹೋಗಲ್ಲ, ಒಳಗೋಡೆ ಮೇಲಿರೋ ಸೂಕ್ಷ್ಮ ರೋಮಗಳು ಅದನ್ನ ಮೇಲಕ್ಕೆ ಗುಡಿಸಿ ಗುಡಿಸಿ ಬಾಗಿಲವರೆಗೆ ಸಾಗಿಸ್ಬೇಕು, ಹಗಲು ರಾತ್ರಿ. ನೆಗಡಿ ಬಂದು ಆ ಬಾಗಿಲು ಊದಿಕೊಂಡ್ರೆ ಮುಗೀತು, ಒಳಗೆ ನಿಂತಿದ್ದು ನಿಂತೇ ಇರುತ್ತೆ. ಇದು ಗೊತ್ತಾದ ಮೇಲೆ ನನಗೆ ಕೆನ್ನೆ ನೋವಿನ ಮೇಲಿದ್ದ ಸಿಟ್ಟು ಸ್ವಲ್ಪ ಕಮ್ಮಿ ಆಯ್ತು.

ಆದ್ರೆ ಈ ನಾಲ್ಕು ಜೋಡಿ ಗೂಡಲ್ಲಿ ಯಾವುದಕ್ಕೂ ನಮ್ಮನ್ನ ನೆಟ್ಟಗೆ ನಿಲ್ಲಿಸೋ ಕೆಲಸ ಇಲ್ಲ. ಆ ಕೆಲಸ ಒಳಗಿವಿದು. ಮೂಗಿಗೂ ಕಿವಿಗೂ ನಡುವೆ ಒಂದು ದಾರಿ ಇದೆ, ಮೂಗಿನ ಹಿಂಭಾಗದಿಂದ ಕಿವಿತಮಟೆಯ ಹಿಂದಿನ ಕೋಣೆಯವರೆಗೆ ಹೋಗೋ ಸಣ್ಣ ನಳಿಕೆ, ದೊಡ್ಡೋರಲ್ಲಿ ಉದ್ದ ಸುಮಾರು 3.5 ಸೆಂಟಿಮೀಟರ್. ಯುಸ್ಟೇಷಿಯನ್ ಟ್ಯೂಬ್ ಅಂತಾರೆ, 16ನೇ ಶತಮಾನದ ಇಟಲಿಯ ಅಂಗರಚನಾ ತಜ್ಞ ಬಾರ್ತೊಲೊಮಿಯೊ ಯುಸ್ಟಾಕಿಯ ಹೆಸರು ಅದು. ಈ ನಳಿಕೆ ಯಾವಾಗ್ಲೂ ತೆರೆದಿರಲ್ಲ. ಉಗುಳು ನುಂಗಿದಾಗ, ಆಕಳಿಸಿದಾಗ ಒಂದು ಚಿಟಿಕೆ ಹೊತ್ತು ತೆರೆದು ಹೊರಗಿನ ಗಾಳಿ ಒಳಗೆ ಬಿಟ್ಟು ಮತ್ತೆ ಮುಚ್ಕೊಳ್ಳುತ್ತೆ. ನುಂಗಿದಾಗ ಕಿವಿಯಲ್ಲಿ ಸಣ್ಣಗೆ ಟಿಕ್ ಅನ್ನುತ್ತಲ್ಲ, ಅದೇ ಇದು.

ಸೈನಸ್ ಊದಿದಾಗ ಆ ಊತ, ಆ ಕಫ ಈ ನಳಿಕೆಯ ಬಾಯಿಗೂ ಹಬ್ಬುತ್ತೆ, ಅದು ತೆರೆಯೋದೇ ಇಲ್ಲ. ಒಳಗಿದ್ದ ಗಾಳಿಯನ್ನ ಸುತ್ತಲಿನ ಪೊರೆ ನಿಧಾನಕ್ಕೆ ಹೀರ್ಕೊಳ್ತಾ ಹೋಗುತ್ತೆ, ಹೊಸ ಗಾಳಿ ಬರಲ್ಲ, ಒಳಗೆ ಒತ್ತಡ ಇಳಿಯುತ್ತೆ, ಕಿವಿತಮಟೆ ಒಳಕ್ಕೆ ಎಳ್ಕೊಳ್ಳುತ್ತೆ, ಇನ್ನೂ ಹಾಗೇ ಬಿಟ್ರೆ ಪೊರೆಯಿಂದ ನೀರು ಜಿನುಗಿ ಆ ಕೋಣೆ ತುಂಬುತ್ತೆ. ಆ ಕೋಣೆಯ ಒಳಗೋಡೆಗೆ ತಾಗಿಕೊಂಡೇ ಒಳಗಿವಿ ಇದೆ, ನಡುವೆ ತೆಳ್ಳನೆ ಪೊರೆಯ ಕಿಟಕಿಗಳು ಅಷ್ಟೇ. ಎರಡೂ ಕಿವಿ ಒಂದೇ ಥರ ಕಟ್ಟಿದ್ರೆ ಬರೀ ಮಂದ ಆಗ್ಬಹುದು, ಆದ್ರೆ ಒಂದು ಕಟ್ಟಿ ಇನ್ನೊಂದು ಸರಿ ಇದ್ರೆ ಎರಡು ಕಡೆಯಿಂದ ಮೆದುಳಿಗೆ ಹೋಗೋ ಸುದ್ದಿ ಹೊಂದೋದೇ ಇಲ್ಲ. ಸಮುದ್ರದಲ್ಲಿ ಡೈವ್ ಮಾಡೋರಿಗೆ, ಪೈಲಟ್‌ಗಳಿಗೆ ಇದು ಚೆನ್ನಾಗಿ ಗೊತ್ತಿರೋ ತೊಂದರೆ, ಮೇಲೆ ಬರುವಾಗ ಒಂದು ಕಿವಿ ಬಿಟ್ಟು ಇನ್ನೊಂದು ಬಿಡದೇ ಇದ್ರೆ ಇದ್ದಕ್ಕಿದ್ದ ಹಾಗೆ ತಲೆ ತಿರುಗುತ್ತೆ. ಮೂಗು ಕಟ್ಟಿದಾಗ ಡೈವ್ ಮಾಡ್ಬೇಡಿ ಅಂತ ಅವರಿಗೆ ಹೇಳೋದೂ ಅದಕ್ಕೇ. ಮಕ್ಕಳಲ್ಲಂತೂ ಈ ನಳಿಕೆ ಗಿಡ್ಡ, ಹೆಚ್ಚು ಅಡ್ಡಡ್ಡ, ಅದಕ್ಕೇ ನೆಗಡಿ ಬಂದ್ರೆ ಕಿವೀಲಿ ನೀರು ನಿಲ್ಲೋದು ಅವರಿಗೇ ಜಾಸ್ತಿ. ಮಗು ಸುಮ್ಮಸುಮ್ಮನೆ ಎಡವಿ ಬೀಳ್ತಿದ್ರೆ ಒಂದು ಸಲ ಕಿವೀನೂ ನೋಡಿಸಿ.

ನನ್ನ ಕಿವಿಗೆ ಒಂದು ಮೆತ್ತನೆ ರಬ್ಬರ್ ತುದಿ ಇಟ್ಟು ಟಿಂಪನೋಮೆಟ್ರಿ ಮಾಡಿದ್ರು, ಅಂದ್ರೆ ಕಿವಿತಮಟೆ ಎಷ್ಟು ಅಲ್ಲಾಡುತ್ತೆ ಅಂತ ನೋಡೋ ಪರೀಕ್ಷೆ. ನೋವಿಲ್ಲ, ಒಳಗೆ ಗಾಳಿ ಒತ್ತಡ ಸ್ವಲ್ಪ ಏರಿ ಇಳಿದ ಹಾಗಾಗುತ್ತೆ, ಲಿಫ್ಟಲ್ಲಿ ಆಗೋ ಹಾಗೆ, ಕೆಲವೇ ಸೆಕೆಂಡ್. ಬಲಗಿವಿಯ ಗ್ರಾಫಲ್ಲಿ ಒಂದು ಚೂಪು ಗುಡ್ಡ ಬಂತು. ಎಡಗಿವಿದು ಚಪ್ಪಟೆ ಗೆರೆ, ಎಲ್ಲೂ ಏರಿಲ್ಲ. "ಈ ಕಡೆ ತಮಟೆ ಅಲ್ಲಾಡ್ತಾನೇ ಇಲ್ಲ, ಹಿಂದೆ ನೀರಿದೆ" ಅಂದ್ರು. ಇಷ್ಟು ದಿನ ನನ್ನನ್ನ ಕಾಡಿದ ಆ ಎಡಗಡೆ, ಚೀಟಿಯಷ್ಟು ಕಾಗದದ ಮೇಲೆ ಒಂದು ಗೆರೆಯಾಗಿ ಕಾಣಿಸ್ತು. ಏನೋ ದೊಡ್ಡ ಕಾಯಿಲೆ ಇರ್ಬೇಕು ಅಂತ ರಾತ್ರಿಯೆಲ್ಲ ಮೊಬೈಲಲ್ಲಿ ಹುಡುಕಿ ಹುಡುಕಿ ಹೆದರಿದ್ದೆ. ಆ ಗೆರೆ ನೋಡಿ ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಕಣ್ಣು ಮುಚ್ಚಿದಾಗ ಮಾತ್ರ ಯಾಕೆ ಅಂತ ಕೇಳ್ದೆ. ನಾವು ನಿಂತಿರೋದು ಮೂರು ಸಾಕ್ಷಿಗಳ ಮೇಲೆ: ಒಳಗಿವಿ, ಕಣ್ಣು, ಮತ್ತೆ ಪಾದ ಮೊಣಕಾಲು ಕತ್ತಿನಿಂದ ಬರೋ ಸುದ್ದಿ. ಕಿವಿಯ ಸಾಕ್ಷಿ ಅನುಮಾನ ಆದಾಗ ಮೆದುಳು ಕಣ್ಣನ್ನ ನೆಚ್ಚಿಕೊಳ್ಳುತ್ತೆ. ಆಗ ಕಣ್ಣೂ ಮುಚ್ಚಿಬಿಟ್ರೆ ಉಳಿಯೋದು ಕಾಲು ಮಾತ್ರ. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಅಂತ ಡಾಕ್ಟರ್‌ಗಳು ಹೇಳ್ತಾರಲ್ಲ, 19ನೇ ಶತಮಾನದ ಜರ್ಮನ್ ವೈದ್ಯ ರೋಂಬರ್ಗ್ ಹೆಸರಿನ ಪರೀಕ್ಷೆ, ನಾನು ಬೇಸಿನ್ ಮುಂದೆ ಗೊತ್ತಿಲ್ಲದೇ ಮಾಡ್ಕೊಂಡಿದ್ದು ಹೆಚ್ಚುಕಮ್ಮಿ ಅದನ್ನೇ.

ಒಳಗಿವಿ ವಿಷಯ ಬಂದ ಮೇಲೆ ರಾಬರ್ಟ್ ಬಾರಾನಿ ಬಗ್ಗೆ ಹೇಳದೇ ಹೋದ್ರೆ ನನಗೆ ಸಮಾಧಾನ ಆಗಲ್ಲ. ವಿಯೆನ್ನಾದಲ್ಲಿ ಕಿವಿ ಡಾಕ್ಟರ್, ರೋಗಿಗಳ ಕಿವಿಗೆ ಪಿಚಕಾರಿಯಲ್ಲಿ ನೀರು ಬಿಟ್ಟು ತೊಳೀತಿದ್ದಾಗ ಕೆಲವರು ತಲೆ ತಿರುಗುತ್ತೆ ಅಂತಿದ್ರು, ಅವರ ಕಣ್ಣು ನೋಡಿದ್ರೆ ಗುಡ್ಡೆ ಒಂದೇ ಕಡೆಗೆ ಜಗ್ತಾ ಇರ್ತಿತ್ತು. ನೀರು ತಣ್ಣಗಿದ್ರೆ ಒಂದು ದಿಕ್ಕಿಗೆ, ತೀರಾ ಬಿಸಿ ಇದ್ರೆ ಅದರ ಎದುರು ದಿಕ್ಕಿಗೆ, ಮೈಯಷ್ಟೇ ಬೆಚ್ಚಗಿದ್ರೆ ಏನೂ ಇಲ್ಲ. ಒಳಗಿವಿಯಲ್ಲಿ ಮೂರು ಅರ್ಧವೃತ್ತದ ಕೊಳವೆಗಳಿವೆ, ಒಳಗೆ ದ್ರವ ಇದೆ, ತಲೆ ತಿರುಗಿಸಿದಾಗ ಆ ದ್ರವ ಸರಿದು ಮೆದುಳಿಗೆ ಸುದ್ದಿ ಕೊಡುತ್ತೆ. ಬಿಸಿ ಮಾಡಿದ್ರೆ ಪಾತ್ರೆಯ ನೀರು ಮೇಲೇಳೋ ಹಾಗೆ, ಕಿವಿಗೆ ಬಿಟ್ಟ ನೀರಿನ ಬಿಸಿ ಆ ದ್ರವವನ್ನೂ ಸರಿಸುತ್ತೆ, ತಲೆ ಅಲ್ಲಾಡದೇ ಇದ್ರೂ ಮೆದುಳು ತಲೆ ತಿರುಗ್ತಿದೆ ಅಂತ ನಂಬುತ್ತೆ, ಅಂತ ಅವನು ಕಂಡ್ಕೊಂಡ. 1914ರ ವೈದ್ಯಕೀಯ ನೊಬೆಲ್ ಅವನಿಗೇ ಬಂತು, ಆದ್ರೆ ಆಗ ಮೊದಲ ಮಹಾಯುದ್ಧ, ಅವನು ರಷ್ಯನ್ನರ ಕೈಲಿ ಯುದ್ಧಖೈದಿ, ಬಹುಮಾನ ತಗೊಂಡಿದ್ದು ಬಿಡುಗಡೆ ಆದ ಮೇಲೆ 1916ರಲ್ಲಿ. ಈಗ್ಲೂ ತಲೆಸುತ್ತಿನ ಕ್ಲಿನಿಕ್ಕುಗಳಲ್ಲಿ ಕಿವಿಗೆ ಬಿಸಿ ತಣ್ಣನೆ ನೀರೋ ಗಾಳಿಯೋ ಬಿಟ್ಟು ನೋಡ್ತಾರೆ. ರೋಗಿಗಳ ಮಾತನ್ನ ತಳ್ಳಿ ಹಾಕದೇ "ಯಾವಾಗ, ಯಾವ ನೀರಿಗೆ" ಅಂತ ಅವನು ನೋಡ್ತಾ ಹೋಗಿದ್ರಿಂದಲೇ ಇಷ್ಟು ಗೊತ್ತಾಗಿದ್ದು, ನನಗೆ ಅವನಲ್ಲಿ ಇಷ್ಟ ಆಗೋದೂ ಅದೇ.

ಈಗ ನನಗೆ ಮುಖ್ಯ ಅನ್ಸೋ ಮಾತಿಗೆ ಬರ್ತೀನಿ. ಸೈನಸ್‌ನಿಂದ ಸಾಮಾನ್ಯವಾಗಿ ಆಗೋದು ನನಗಾದ ಹಾಗೆ ಜೋಲಿ ಹೊಡೆಯೋದು, ತಲೆ ಭಾರ, ತೇಲಿದ ಹಾಗಾಗೋದು. ಕೋಣೆ ಗಿರ್ರನೆ ತಿರುಗಿ ವಾಂತಿ ಬರೋ ಥರದ್ದು ಸೈನಸ್‌ದೇ ಅಂತ ಅಂದ್ಕೊಳ್ಳೋದು ತಪ್ಪು, ಅದಕ್ಕೆ ಹೆಚ್ಚಾಗಿ ಬೇರೆ ಕಾರಣ ಇರುತ್ತೆ, ಮೂಗು ಕಟ್ಟಿರೋದು ಜೊತೆಗೆ ಇದೆ ಅಷ್ಟೇ. ನೆಗಡಿ ಬಂದು ಹೋದ ಮೇಲೆ ಒಳಗಿವಿಯ ನರವೇ ಊದಿಕೊಂಡು ದಿನಗಟ್ಟಲೆ ಬಿಡದೇ ತಿರುಗೋದುಂಟು, ಅದು ವೆಸ್ಟಿಬ್ಯುಲರ್ ನ್ಯೂರೈಟಿಸ್. ಅದರ ಜೊತೆ ಕಿವಿಯೂ ಕೇಳದೇ ಹೋದ್ರೆ ಲ್ಯಾಬಿರಿಂಥೈಟಿಸ್. ಎದ್ದು ನಿಂತ ಕೂಡ್ಲೇ ಕಣ್ಣು ಕತ್ತಲೆ ಬಂದ್ರೆ ಅದು ಹೆಚ್ಚಾಗಿ ಕಿವಿದೂ ಅಲ್ಲ ಮೂಗಿಂದೂ ಅಲ್ಲ, ಜ್ವರದಲ್ಲಿ ನೀರು ಸಾಲದೇ ಬಿಪಿ ಇಳಿದಿರ್ಬಹುದು. ಮೊದಲ ಫೋನಲ್ಲೇ ಅಕ್ಕ ಕೇಳಿದ್ದು ಅದಕ್ಕೇ ಇರ್ಬೇಕು, ಅವಳು ಕೇಳಿದ್ದು ಸರಿಯಾಗೇ ಇತ್ತು, ನಾನು ಹೇಳಿದ್ದು ಸರಿ ಇರ್ಲಿಲ್ಲ.

ಇನ್ನೊಂದು ಇದೆ, ಇದನ್ನ ತುಂಬಾ ಜನಕ್ಕೆ ಹೇಳ್ಬೇಕು ಅನ್ಸುತ್ತೆ. ಸೈನಸ್ ತಲೆನೋವು ಅಂತ ವರ್ಷಗಟ್ಟಲೆ ನರಳೋರಲ್ಲಿ ಎಷ್ಟೋ ಜನಕ್ಕೆ ಇರೋದು ಮೈಗ್ರೇನ್. 2004ರಲ್ಲಿ ಪ್ರಕಟವಾದ ಒಂದು ಅಮೆರಿಕನ್ ಅಧ್ಯಯನದಲ್ಲಿ ತಮಗೆ ಸೈನಸ್ ತಲೆನೋವಿದೆ ಅಂತ ನಂಬಿದ್ದ 2991 ಜನರನ್ನ ಪರೀಕ್ಷೆ ಮಾಡಿದ್ರು, ಅದರಲ್ಲಿ 88% ಜನರದ್ದು ಮೈಗ್ರೇನ್ ಲಕ್ಷಣಕ್ಕೆ ಹೊಂದ್ತಿತ್ತು. ಮೈಗ್ರೇನ್‌ನಲ್ಲೂ ಮೂಗು ಸೋರುತ್ತೆ, ಕಣ್ಣಲ್ಲಿ ನೀರು ಬರುತ್ತೆ, ಕೆನ್ನೆ ಹಣೆ ಒತ್ತಿದ ಹಾಗಾಗುತ್ತೆ, ಮತ್ತೆ ಕೆಲವರಿಗೆ ತಲೆ ತಿರುಗುತ್ತೆ ಕೂಡ. ಹಸಿರು ಹಳದಿ ಸಿಂಬಳ ಇಲ್ಲ, ವಾಸನೆ ಸರಿಯಾಗೇ ಗೊತ್ತಾಗುತ್ತೆ, ಬೆಳಕು ಸದ್ದು ಆಗಲ್ಲ, ಕತ್ತಲೆ ಕೋಣೇಲಿ ಮಲಗೋಣ ಅನ್ಸುತ್ತೆ ಅಂದ್ರೆ ಅದನ್ನ ಹಾಗೇ ಡಾಕ್ಟರ್‌ಗೆ ಹೇಳಿ. ವರ್ಷಕ್ಕೆ ನಾಲ್ಕು ಸಲ ಆಂಟಿಬಯೋಟಿಕ್ ನುಂಗಿ ನುಂಗಿ ಸುಸ್ತಾದ ನನ್ನ ಗೆಳತಿಯೊಬ್ಬಳಿಗೆ ಕೊನೆಗೆ ಗೊತ್ತಾಗಿದ್ದು ಇದೇ. ಅವಳು ಕಳ್ಕೊಂಡ ಆ ವರ್ಷಗಳನ್ನ ನೆನೆಸ್ಕೊಂಡ್ರೆ ಹೊಟ್ಟೆ ಉರಿಯುತ್ತೆ.

ಆಂಟಿಬಯೋಟಿಕ್ ನನಗೆ ಕೊಡ್ಲಿಲ್ಲ. ಬಹಳಷ್ಟು ಸೈನಸ್ ಇನ್ಫೆಕ್ಷನ್ ವೈರಸ್‌ನಿಂದಲೇ, ತಾನಾಗೇ ಇಳಿಯುತ್ತೆ. 10 ದಿನ ದಾಟಿದ್ರೂ ಒಂಚೂರೂ ಇಳೀದೇ ಇದ್ರೆ, ಇಲ್ಲಾ ಇಳೀತು ಅನ್ನೋಷ್ಟರಲ್ಲಿ ಮತ್ತೆ ಜೋರಾದ್ರೆ, ಇಲ್ಲಾ ಶುರುವಿನಿಂದಲೇ ಜೋರು ಜ್ವರ ಕೀವು ಸಿಂಬಳ ಇದ್ರೆ ಆಗ ಬ್ಯಾಕ್ಟೀರಿಯಾ ಅನುಮಾನ. ನನಗೆ ಹನ್ನೆರಡನೇ ದಿನ ಆದ್ರೂ ಮುಖದ ನೋವು ಇಳೀತಾ ಬಂದಿತ್ತು, ಕಿವಿ ಒಂದೇ ಉಳಿದಿದ್ದು. ಮಾತ್ರೆಗಳನ್ನೂ ನೋಡಿದ್ರು. ನೆಗಡಿ ಮಾತ್ರೆಯಲ್ಲಿದ್ದ ಹಳೇ ಥರದ ಆಂಟಿಹಿಸ್ಟಮಿನ್ (ಅಲರ್ಜಿ ತಡೆಯೋ ಔಷಧಿ) ನಿಂದಲೇ ಆ ಮಂಪರು. ತಲೆಸುತ್ತಿಗೆ ಕೊಡೋ ಮಂಪರಿನ ಮಾತ್ರೆಗಳನ್ನ ಜೋರಾಗಿ ತಿರುಗೋ ಮೊದಲೆರಡು ಮೂರು ದಿನಕ್ಕೆ ಬಿಟ್ರೆ ವಾರಗಟ್ಟಲೆ ನುಂಗಬಾರದಂತೆ, ಮೆದುಳು ಹೊಸದಾಗಿ ಬ್ಯಾಲೆನ್ಸ್ ಕಲಿಯೋದನ್ನ ಅವು ತಡೆಯುತ್ವೆ. ಮೂಗು ಬಿಡಿಸೋ ಡ್ರಾಪ್ಸ್ ಎಷ್ಟು ದಿನದಿಂದ ಹಾಕ್ತಿದೀರಾ ಅಂತ ಕೇಳಿದಾಗ ಹನ್ನೊಂದು ದಿನ ಅಂದೆ. ಮೂರು, ಹೆಚ್ಚಂದ್ರೆ ಐದು ದಿನ, ಆಮೇಲೆ ಆ ಡ್ರಾಪ್ಸೇ ಮೂಗು ಕಟ್ಟಿಸುತ್ತೆ. ಬಿಟ್ಟ ಮೇಲೆ ಎರಡು ರಾತ್ರಿ ಬಾಯಲ್ಲಿ ಉಸಿರಾಡ್ಕೊಂಡು ಕೂತಿದ್ದೆ, ಕಷ್ಟ ಆಯ್ತು, ಆದ್ರೆ ಮೂರನೇ ದಿನದಿಂದ ಮೂಗು ತಾನಾಗೇ ಬಿಡೋಕೆ ಶುರು ಆಯ್ತು.

ಅದರ ಬದಲು ಸ್ಟೀರಾಯ್ಡ್ ಸ್ಪ್ರೇ ಕೊಟ್ರು. ಬಲ ಹೊಳ್ಳೆಗೆ ಎಡಗೈ, ಎಡ ಹೊಳ್ಳೆಗೆ ಬಲಗೈ, ತುದಿ ಮೂಗಿನ ನಡುಗೋಡೆ ಕಡೆಗಲ್ಲ ಹೊರಗೆ ಕಿವಿ ಕಡೆಗೆ, ಜೋರಾಗಿ ಎಳ್ಕೊಳ್ಳೋದು ಬೇಡ. ಹಾಗೆ ಹಾಕಿದ್ರೆ ರಕ್ತ ಬರೋದು ಕಮ್ಮಿ. ಅವತ್ತೇ ಗುಣ ಆಗುತ್ತೆ ಅಂತ ಕಾಯ್ಬೇಡಿ, ದಿನಾ ಹಾಕ್ತಾ ಹೋಗ್ಬೇಕು. ಉಪ್ಪುನೀರಲ್ಲಿ ಮೂಗು ತೊಳೆಯೋದು ನನಗೆ ಎಲ್ಲಕ್ಕಿಂತ ಹಿತ ಅನ್ಸಿದ್ದು. ಆದ್ರೆ ನಲ್ಲಿ ನೀರನ್ನ ನೇರ ಮೂಗಿಗೆ ಬಿಡ್ಬೇಡಿ, ಕುದಿಸಿ ಆರಿಸಿದ್ದೋ ಡಿಸ್ಟಿಲ್ಡ್ ನೀರೋ ಮಾತ್ರ. ನೇಗ್ಲೇರಿಯಾ ಫೌಲೇರಿ ಅನ್ನೋ ಅಮೀಬಾ ಮೂಗಿನಿಂದ ಮೆದುಳಿಗೆ ಹೋಗುತ್ತೆ, ಅಪರೂಪ ಹೌದು, ಆದ್ರೆ ಬಂದ್ರೆ ಬದುಕೋರು ತೀರಾ ಕಮ್ಮಿ. ಕುದಿಸೋಕೆ ಎಷ್ಟು ಹೊತ್ತು ಬೇಕು ಹೇಳಿ. ಮತ್ತೆ ಕಿವಿ ಬಿಡ್ಲಿ ಅಂತ ಮೂಗು ಹಿಡ್ಕೊಂಡು ಶಕ್ತಿ ಬಿಟ್ಟು ಊದೋದನ್ನ ನಾನು ದಿನಕ್ಕೆ ಹತ್ತು ಸಲ ಮಾಡ್ತಿದ್ದೆ, ಬೇಡ ಅಂದ್ರು, ಮೂಗಿನ ಕಫಾನೇ ಕಿವಿಗೆ ತಳ್ಳಿದ ಹಾಗಾಗುತ್ತೆ. ನುಂಗ್ತಾ ಇರಿ, ಆಕಳಿಸಿ, ಸಾಕು.

ಇಷ್ಟೆಲ್ಲ ಸಮಾಧಾನದ ಮಾತು ಹೇಳಿದ್ರೂ ಇದೊಂದನ್ನ ಗಟ್ಟಿಯಾಗೇ ಹೇಳ್ತೀನಿ. ತಲೆ ತಿರುಗೋದರ ಜೊತೆ ಮಾತು ತೊದಲಿದ್ರೆ, ಒಂದು ವಸ್ತು ಎರಡಾಗಿ ಕಂಡ್ರೆ, ಒಂದು ಕಡೆ ಕೈಕಾಲು ಮುಖ ಸೋತ್ರೆ, ಹಿಡ್ಕೊಳ್ಳದೇ ನಿಲ್ಲೋಕೇ ಆಗದಿದ್ರೆ ಅದು ಸ್ಟ್ರೋಕ್ ಇರ್ಬಹುದು, ಸೈನಸ್ ಅಂತ ಮನೇಲಿ ಕೂರ್ಬೇಡಿ. ಸೈನಸ್ ಇನ್ಫೆಕ್ಷನ್ನೇ ಇದ್ದು ಕಣ್ಣಿನ ಸುತ್ತ ಊದಿ ಕೆಂಪಾದ್ರೆ, ಕತ್ತು ಬಗ್ಗಿಸೋಕೆ ಆಗದೇ ಜ್ವರ ತಡೆಯಲಾರದ ತಲೆನೋವು ಬಂದ್ರೆ ಆವಾಗ್ಲೂ ಅಷ್ಟೇ, ರಾತ್ರಿ ಎಷ್ಟೊತ್ತಾಗಿದ್ರೂ ಆಸ್ಪತ್ರೆಗೆ ಹೋಗಿ. ಒಂದು ಕಿವಿ ಇದ್ದಕ್ಕಿದ್ದ ಹಾಗೆ ಕೇಳಿಸದೇ ಹೋದ್ರೂ ನೆಗಡಿ ಕಿವಿ ಬಿಡುತ್ತೆ ಅಂತ ವಾರ ಕಾಯ್ಬೇಡಿ, ನರದ ತೊಂದರೆ ಆಗಿದ್ರೆ ಚಿಕಿತ್ಸೆ ಬೇಗ ಶುರು ಮಾಡಿದಷ್ಟೂ ಒಳ್ಳೇದು.

ನನ್ನ ಕಿವಿಯ ನೀರು ಪೂರ್ತಿ ಹೋಗೋಕೆ ಐದು ವಾರ ಆಯ್ತು. ಮುಖದ ನೋವು ಹೋಗಿ ಮೂಗು ಬಿಟ್ಟ ಮೇಲೂ ಇಷ್ಟು ದಿನ ಆಗ್ಬಹುದು ಅಂತ ಮೊದಲೇ ಹೇಳಿದ್ರಿಂದ ಬಚಾವ್, ಇಲ್ದಿದ್ರೆ ಮತ್ತೆ ಹೆದರ್ಕೊಂಡು ಸಾಯ್ತಿದ್ದೆ. ಒಂದಿನ ನೀರು ನುಂಗುವಾಗ ಎಡಗಿವೀಲಿ ಟಿಕ್ ಅಂತು, ಪಕ್ಕದ ಮನೆ ಫ್ಯಾನಿನ ಸದ್ದು ಕೂಡ ಕೇಳಿಸಿದ ಹಾಗಾಯ್ತು.

ಮುಂದಿನ ವರ್ಷ ಮತ್ತೆ ನೆಗಡಿ, ಮತ್ತೆ ಮೂಗು ಕಟ್ಟಿದೆ, ಮತ್ತೆ ತಲೆ. ಆದ್ರೆ ಈ ಸಲ ನಾನು ಎರಡು ದಿನ ಸುಮ್ಮನೆ ಗಮನಿಸ್ದೆ, ಒಂದು ಚೀಟೀಲಿ ಬರ್ಕೊಂಡೆ, ಅದನ್ನೇ ಆ ಇಎನ್‌ಟಿ ಡಾಕ್ಟರ್ ಮುಂದೆ ಓದ್ದೆ. "ಮಲಗಿ ಬಲಕ್ಕೆ ಹೊರಳಿದಾಗ ಮಾತ್ರ. ಕೋಣೆ ಗಿರ್ ಅಂತ ತಿರುಗುತ್ತೆ. ಅರ್ಧ ನಿಮಿಷದೊಳಗೆ ನಿಲ್ಲುತ್ತೆ. ಕಿವಿ ಕಟ್ಟಿಲ್ಲ. ಎಡಕ್ಕೆ ಹೊರಳಿದ್ರೆ ಇಲ್ಲ." ಅವರು ಕಿವಿಯೊಳಗೆ ಒಂದು ಸಲ ಇಣುಕಿ ನೋಡಿ ಮೇಜಿನ ಮೇಲೆ ಕೂರಿಸಿ, ತಲೆ ಬಲಕ್ಕೆ ತಿರುಗಿಸಿ ಹಿಡಿದು ಸರ್ರಂತ ಹಿಂದಕ್ಕೆ ಮಲಗಿಸಿದ್ರು. ಒಂದೆರಡು ಸೆಕೆಂಡ್ ಏನಿಲ್ಲ, ಆಮೇಲೆ ಸೂರು ತಿರುಗೋಕೆ ಶುರು, ನಾನು ಅವರ ತೋಳು ಹಿಡ್ಕೊಂಡುಬಿಟ್ಟೆ. "ಕಣ್ಣು ಮುಚ್ಬೇಡಿ, ನಾನು ನಿಮ್ಮ ಕಣ್ಣನ್ನೇ ನೋಡ್ತಿದೀನಿ" ಅಂದ್ರು. ಒಳಗಿವಿಯಲ್ಲಿ ಕ್ಯಾಲ್ಸಿಯಂ ಕಾರ್ಬೊನೇಟ್‌ನ ಸಣ್ಣ ಸಣ್ಣ ಹರಳುಗಳಿರುತ್ವಂತೆ, ಅವು ತಮ್ಮ ಜಾಗ ಬಿಟ್ಟು ಅರ್ಧವೃತ್ತದ ಕೊಳವೆಗೆ ಬಿದ್ರೆ ಹೀಗಾಗುತ್ತೆ. ಎಪ್ಲಿ ಅಂತ ಒಂದು ವಿಧಾನ, ತಲೆಯನ್ನ ಬಲಕ್ಕೆ, ಆಮೇಲೆ ಎಡಕ್ಕೆ, ಆಮೇಲೆ ಮಗ್ಗುಲಾಗಿಸಿ ಮುಖ ನೆಲದ ಕಡೆಗೆ, ಒಂದೊಂದರಲ್ಲೂ ತಿರುಗೋದು ನಿಲ್ಲೋವರೆಗೆ ಹಿಡಿದು ಕೊನೆಗೆ ಎಬ್ಬಿಸಿ ಕೂರಿಸೋದು, ಹರಳು ಉರುಳ್ಕೊಂಡು ಕೊಳವೆಯಿಂದ ಆಚೆ ಬಂದುಬಿಡುತ್ತೆ. ಐದು ನಿಮಿಷ ಆಗಿರಬಹುದು. ಮತ್ತೆ ಬಲಕ್ಕೆ ಮಲಗಿಸಿ ನೋಡಿದ್ರು, ಸೂರು ಅಲ್ಲಾಡ್ಲಿಲ್ಲ.

ಆ ದಿನ ಒಂದು ಮಾತ್ರೆಯನ್ನೂ ಬರೆದುಕೊಡ್ಲಿಲ್ಲ. ಮೆಟ್ಟಿಲು ಇಳ್ಕೊಂಡು ಅಕ್ಕನಿಗೆ ಫೋನ್ ಮಾಡ್ದೆ, "ಏನಂತೆ, ಮತ್ತೆ ಸೈನಸ್ಸಾ?" ಅಂದ್ಲು. ಅಲ್ಲ ಅಕ್ಕ ಅಂದೆ, ಮೂಗು ಇನ್ನೂ ಕಟ್ಕೊಂಡೇ ಇತ್ತು, ಅವಳಿಗೆ ನನ್ನ ದನಿ ಗುರುತೇ ಸಿಕ್ಕಿರಲಿಲ್ಲ ಮೊದಲಿಗೆ.